ಬಸ್ಸು ಬದಲಾದರೆ ಶ್ವಾಸಕೋಶಕ್ಕೆ ಎಷ್ಟು ಲಾಭ? ಸ್ವಚ್ಛ ವಿದ್ಯುತ್ತು, ಸ್ವಚ್ಛ ಸಾರಿಗೆಯ ಲೆಕ್ಕ ಓದುವ ಬಗೆ

ನವೆಂಬರಿನ ಒಂದು ಬೆಳಗ್ಗೆ, ದೆಹಲಿಯ ಲೋಧಿ ಕಾಲೋನಿಯ ಸರ್ಕಾರಿ ಕ್ವಾರ್ಟರ್ಸೊಂದನ್ನು ಕಲ್ಪಿಸಿಕೊಳ್ಳಿ. ಊರಿನಿಂದ ಮಗನ ಮನೆಗೆ ಬಂದಿರುವ, ಎಪ್ಪತ್ತು ದಾಟಿದ ಹಿರಿಯರೊಬ್ಬರು ಹಾಸಿಗೆಯ ಅಂಚಿನಲ್ಲಿ ಕೂತು, ಎರಡೂ ಕೈಗಳನ್ನು ಮೊಣಕಾಲಿಗೆ ಊರಿ ಉಸಿರು ಎಳೆದುಕೊಳ್ಳುತ್ತಿದ್ದಾರೆ. ವರ್ಷಗಟ್ಟಲೆ ಸೌದೆ ಒಲೆಯ ಮುಂದೆ ಕೂತವರಿಗೆ ಬರುವ ಸಿಒಪಿಡಿ ಅವರಿಗೂ ಇದೆ. ಸೊಸೆ ನೆಬ್ಯುಲೈಸರಿಗೆ ಔಷಧ ಹಾಕುತ್ತಿದ್ದಾರೆ. ಟಿವಿಯಲ್ಲಿ ಸುದ್ದಿ: ವಾಹನಗಳು ವಿದ್ಯುತ್ತಿಗೆ ಬದಲಾದರೆ ಇಷ್ಟು ಸಾವಿರ ಸಾವು ತಪ್ಪುತ್ತದೆ, ಇಷ್ಟು ಸಾವಿರ ಕೋಟಿ ಉಳಿಯುತ್ತದೆ. ಸೊಸೆಗೆ ಏಳುವ ಪ್ರಶ್ನೆ ಒಂದೇ: "ಆ ಉಳಿಯುವ ಜೀವಗಳಲ್ಲಿ ನಮ್ಮತ್ತೆ ಇದ್ದಾರೆಯೇ?"

ಸುದ್ದಿಯಲ್ಲಿ ಇದಕ್ಕೆ ಉತ್ತರ ಇರುವುದಿಲ್ಲ. ಆ ಸಂಖ್ಯೆಗಳು ಆಸ್ಪತ್ರೆಯ ಕಡತದಿಂದ ಎಣಿಸಿ ತಂದವಲ್ಲ. ಕಂಪ್ಯೂಟರಿನಲ್ಲಿ ಕಟ್ಟಿದ ಮಾದರಿಗಳಿಂದ ಬಂದವು. ಮಾದರಿ ಎಂದ ಮಾತ್ರಕ್ಕೆ ಸುಳ್ಳು ಎಂದಲ್ಲ. ನಾಳೆ ಮಳೆ ಬರುತ್ತದೆ ಎನ್ನುವುದೂ ಮಾದರಿಯೇ. ಆದರೆ ಅದು ಏನನ್ನು ಹೇಳಬಲ್ಲದು, ಏನನ್ನು ಹೇಳಲಾರದು ಎಂಬುದು ರೋಗಿಗೂ ಆರೈಕೆ ಮಾಡುವವರಿಗೂ ಗೊತ್ತಿದ್ದರೆ, ಸುಮ್ಮನೆ ಆಸೆಪಡುವುದೂ ತಪ್ಪುತ್ತದೆ, ಸುಮ್ಮನೆ ಕೈಚೆಲ್ಲುವುದೂ ತಪ್ಪುತ್ತದೆ.

ಈ ವಿಷಯ ಮಾತಾಡಲು ಲೋಧಿ ಕಾಲೋನಿಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಬ್ರಿಟಿಷರು ತಮ್ಮ ಕೊನೆಯ ವರ್ಷಗಳಲ್ಲಿ ಸರ್ಕಾರಿ ನೌಕರರಿಗಾಗಿ ಕಟ್ಟಿಸಿದ ಬಡಾವಣೆ ಇದು. ಈಗ ಗೋಡೆಗಳ ಮೇಲಿನ ದೊಡ್ಡ ದೊಡ್ಡ ಚಿತ್ರಗಳಿಗೆ ಹೆಸರುವಾಸಿ. ಪಕ್ಕದ ಲೋಧಿ ಎಸ್ಟೇಟಿನಲ್ಲಿ ದೆಹಲಿ ಕನ್ನಡ ಶಾಲೆ ಇದೆ. ಲೋಧಿ ರಸ್ತೆಯಲ್ಲಿ ಹವಾಮಾನ ಇಲಾಖೆಯ ಕೇಂದ್ರ ಕಚೇರಿ ಮೌಸಮ್ ಭವನ್ ಇದೆ, ಗಾಳಿಯ ಗುಣಮಟ್ಟ ಅಳೆಯುವ ಯಂತ್ರವೂ ಇದೆ. ಅದೇ ರಸ್ತೆಯ ಇಂಡಿಯಾ ಹ್ಯಾಬಿಟಾಟ್ ಸೆಂಟರಿನಲ್ಲಿ ಇಂಥ ಮಾದರಿ ಲೆಕ್ಕಗಳನ್ನು ಮಾಡುವ ಟೆರಿ ಸಂಸ್ಥೆ ಇದೆ. ಏಮ್ಸ್ ಮತ್ತು ಸಫ್ದರ್‌ಜಂಗ್ ಆಸ್ಪತ್ರೆಗಳು ಕೆಲವೇ ಕಿಲೋಮೀಟರ್ ದೂರ. ಗಾಳಿ ಅಳೆಯುವವರು, ಲೆಕ್ಕ ಹಾಕುವವರು, ಅದನ್ನು ಉಸಿರಾಡಿ ಕಾಯಿಲೆ ಬಿದ್ದವರಿಗೆ ಮದ್ದು ಕೊಡುವವರು ಎಲ್ಲರೂ ಒಂದು ಆಟೋ ದೂರದಲ್ಲಿ.

ಲೆಕ್ಕ ಶುರುವಾಗುವುದು ಹೊಗೆ ಕೊಳವೆಯಿಂದ

ಮೊದಲ ಹೆಜ್ಜೆ ಸರಳ. ನಗರದಲ್ಲಿ ಎಷ್ಟು ವಾಹನಗಳಿವೆ, ಒಂದೊಂದೂ ವರ್ಷಕ್ಕೆ ಎಷ್ಟು ಕಿಲೋಮೀಟರ್ ಓಡುತ್ತದೆ, ಕಿಲೋಮೀಟರಿಗೆ ಎಷ್ಟು ಗ್ರಾಂ ಹೊಗೆ ಬಿಡುತ್ತದೆ. ಮೂರನ್ನೂ ಗುಣಿಸಿದರೆ ಒಟ್ಟು ಹೊಗೆ. ವಿದ್ಯುತ್ ಸ್ಥಾವರಕ್ಕೂ ಹೀಗೆಯೇ: ಎಷ್ಟು ಕಲ್ಲಿದ್ದಲು ಸುಟ್ಟಿತು, ಅದರಲ್ಲಿ ಎಷ್ಟು ಬೂದಿ, ಎಷ್ಟು ಗಂಧಕ. ಕಾಗದದ ಮೇಲೆ ಸುಲಭವಾದ ಈ ಹೆಜ್ಜೆಯಲ್ಲೇ ತಪ್ಪು ನುಸುಳುತ್ತದೆ, ಏಕೆಂದರೆ ರಾತ್ರಿ ಹೊತ್ತು ನಗರ ದಾಟುವ ಹಳೆಯ ಲಾರಿ ನಿಜಕ್ಕೂ ಎಷ್ಟು ಹೊಗೆ ಬಿಡುತ್ತದೆ ಎಂಬುದು ಪ್ರಮಾಣಪತ್ರದಲ್ಲಿ ಬರೆದಂತೆ ಇರುವುದಿಲ್ಲ.

ಎರಡನೆಯ ಹೆಜ್ಜೆ ಗಾಳಿಯದು. ಹೊರಬಿದ್ದ ಹೊಗೆ ಎಲ್ಲಿಗೆ ಹೋಯಿತು? ಬೇಸಿಗೆಯಲ್ಲಿ ನೆಲ ಕಾದು ಗಾಳಿ ಮೇಲೇರುತ್ತದೆ, ಹೊಗೆಯೂ ಚದುರುತ್ತದೆ. ಚಳಿಗಾಲದಲ್ಲಿ ನೆಲ ತಣ್ಣಗಿದ್ದು ಮೇಲೆ ಬೆಚ್ಚನೆಯ ಗಾಳಿಯ ಪದರ ಕೂತಾಗ ಪಾತ್ರೆಗೆ ಮುಚ್ಚಳ ಹಾಕಿದಂತೆ ಆಗುತ್ತದೆ. ಅಷ್ಟೇ ವಾಹನ, ಅಷ್ಟೇ ಹೊಗೆ, ಆದರೆ ಮೂಗಿಗೆ ಬರುವುದು ಹಲವು ಪಟ್ಟು. ಇದರ ಜೊತೆಗೆ, ಎಲ್ಲ ಕಣಗಳೂ ಕಣಗಳಾಗಿಯೇ ಹುಟ್ಟುವುದಿಲ್ಲ. ದೂರದ ಕಲ್ಲಿದ್ದಲು ಸ್ಥಾವರದಿಂದ ಹೊರಟ ಸಲ್ಫರ್ ಡೈಆಕ್ಸೈಡ್ ಅನಿಲ ದಾರಿಯಲ್ಲಿ ಬದಲಾಗಿ, ಹೊಲಗಳಿಂದಲೂ ದನಕರುಗಳಿಂದಲೂ ಬರುವ ಅಮೋನಿಯಾದ ಜೊತೆ ಸೇರಿ ಸಣ್ಣ ಕಣವಾಗುತ್ತದೆ. ಕಾರು, ಲಾರಿಗಳ ನೈಟ್ರೋಜನ್ ಆಕ್ಸೈಡ್‌ಗಳದೂ ಇದೇ ಕಥೆ. ಈ ಕಣಗಳನ್ನೇ ಪಿಎಂ 2.5 ಎನ್ನುವುದು: ಕೂದಲೆಳೆಯ ದಪ್ಪಕ್ಕಿಂತ ಎಷ್ಟೋ ಪಟ್ಟು ಚಿಕ್ಕವು. ಮೂಗಿನ ರೋಮಕ್ಕೆ ಸಿಗದೆ ಶ್ವಾಸಕೋಶದ ತುದಿಯ ಗಾಳಿಚೀಲದವರೆಗೆ ಹೋಗಿ, ಅಲ್ಲಿಂದ ರಕ್ತಕ್ಕೂ ಇಳಿಯುತ್ತವೆ. ಗಾಳಿ ಕೆಟ್ಟಾಗ ಹೃದಯಾಘಾತ, ಪಾರ್ಶ್ವವಾಯುಗಳೂ ಹೆಚ್ಚುವುದು ಇದರಿಂದಲೇ.

ಟೆರಿ ಮತ್ತು ಪುಣೆಯ ಎಆರ್‌ಎಐ ಸಂಸ್ಥೆಗಳು 2018ರಲ್ಲಿ ಹೊರತಂದ ಅಧ್ಯಯನದ ಪ್ರಕಾರ, ಚಳಿಗಾಲದಲ್ಲಿ ದೆಹಲಿಯ ಪಿಎಂ 2.5ರಲ್ಲಿ ದೆಹಲಿಯದೇ ಪಾಲು ಸುಮಾರು ಶೇ 36. ಬೇಸಿಗೆಯಲ್ಲಿ ಶೇ 26. ಉಳಿದದ್ದು ಎನ್‌ಸಿಆರ್‌ನ ಬೇರೆ ಊರುಗಳಿಂದ, ಅದರಾಚೆಯ ರಾಜ್ಯಗಳಿಂದ, ಇನ್ನೂ ದೂರದಿಂದ ಬರುವುದು. ಚಳಿಗಾಲದಲ್ಲಿ ಎಲ್ಲ ಕಡೆಯ ವಾಹನಗಳ ಪಾಲು ಸೇರಿ ಸುಮಾರು ಶೇ 28. ಇದರ ಅರ್ಥ ಗಮನಿಸಿ. ದೆಹಲಿಯ ಪ್ರತಿಯೊಂದು ಬಸ್ಸು, ಕಾರು, ಸ್ಕೂಟರು ರಾತ್ರೋರಾತ್ರಿ ವಿದ್ಯುತ್ತಿಗೆ ಬದಲಾದರೂ ಲೋಧಿ ರಸ್ತೆಯ ಯಂತ್ರದಲ್ಲಿ ಚಳಿಗಾಲದ ಸಂಖ್ಯೆ ಅರ್ಧಕ್ಕೆ ಇಳಿಯುವುದಿಲ್ಲ. ಮರಗಳಿಂದ ತುಂಬಿದ ಬಡಾವಣೆ, ಪಕ್ಕದಲ್ಲೇ ಲೋಧಿ ಉದ್ಯಾನ ಎಂಬ ಸಮಾಧಾನವೂ ಅಷ್ಟಕ್ಕಷ್ಟೆ. ಗಾಳಿಗೆ ಪಿನ್‌ಕೋಡ್ ಗೊತ್ತಿಲ್ಲ.

ಗಾಳಿಯಿಂದ ದೇಹಕ್ಕೆ

ಮೂರನೆಯ ಹೆಜ್ಜೆಯೇ ರೋಗಿಗಳಿಗೆ ಮುಖ್ಯವಾದದ್ದು. ಗಾಳಿಯಲ್ಲಿ ಇಷ್ಟು ಕಣ ಇದ್ದರೆ ಕಾಯಿಲೆ ಎಷ್ಟು ಹೆಚ್ಚುತ್ತದೆ? ಲಕ್ಷಾಂತರ ಜನರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನಗಳಿಂದ ಒಂದು ರೇಖೆ ಎಳೆಯುತ್ತಾರೆ. ಉದಾಹರಣೆಗೆ, ಒಂದು ಮಟ್ಟದ ಮಾಲಿನ್ಯದಲ್ಲಿ ಒಂದು ಕಾಯಿಲೆಯಿಂದ ಸಾಯುವ ಅಪಾಯ ಶುದ್ಧ ಗಾಳಿಯಲ್ಲಿರುವುದರ 1.4 ಪಟ್ಟು ಎಂದಿಟ್ಟುಕೊಳ್ಳಿ. ಶುದ್ಧ ಗಾಳಿಯಲ್ಲಿ 100 ಜನ ಸಾಯುವ ಕಡೆ ಇಲ್ಲಿ 140 ಜನ. ಹೆಚ್ಚುವರಿ 40. 140ರಲ್ಲಿ 40 ಎಂದರೆ ಶೇ 28ಕ್ಕಿಂತ ಸ್ವಲ್ಪ ಹೆಚ್ಚು. ಆ ಪಾಲನ್ನು ಮಾಲಿನ್ಯದ ಲೆಕ್ಕಕ್ಕೆ ಬರೆಯುತ್ತಾರೆ.

ಆದರೆ ಆ 140 ಜನರಲ್ಲಿ ಯಾವ 40 ಜನ? ಯಾರಿಗೂ ಹೇಳಲಾಗದು. ಒಬ್ಬರಿಗೆ ಬೀಡಿ ಇತ್ತು, ಇನ್ನೊಬ್ಬರಿಗೆ ಸಕ್ಕರೆ ಕಾಯಿಲೆ, ಮತ್ತೊಬ್ಬರಿಗೆ ಒಲೆಯ ಹೊಗೆ; ಮಾಲಿನ್ಯ ಎಲ್ಲರಿಗೂ ಒಂದೊಂದು ತುತ್ತು ಹೆಚ್ಚು ಭಾರ ಹೇರಿದೆ. ಸಾವಿನ ಪ್ರಮಾಣಪತ್ರದಲ್ಲಿ ವಾಯುಮಾಲಿನ್ಯ ಎಂದು ಬರೆದದ್ದನ್ನು ನೀವು ನೋಡಿರುವುದಿಲ್ಲ. ಲಂಡನ್ನಿನಲ್ಲಿ 2013ರಲ್ಲಿ ತೀವ್ರ ಆಸ್ತಮಾದಿಂದ ತೀರಿಕೊಂಡ ಒಂಬತ್ತು ವರ್ಷದ ಎಲ್ಲಾ ಕಿಸ್ಸಿ-ಡೆಬ್ರಾಳ ಸಾವಿಗೆ ವಾಯುಮಾಲಿನ್ಯವೂ ಒಂದು ಕಾರಣ ಎಂದು ಅಲ್ಲಿನ ಮರಣ ವಿಚಾರಣಾಧಿಕಾರಿ ದಾಖಲಿಸಿದ್ದು 2020ರ ಡಿಸೆಂಬರಿನಲ್ಲಿ. ಬ್ರಿಟನ್ನಿನಲ್ಲಿ ಅದೇ ಮೊದಲು. ಏಳು ವರ್ಷ ಹಿಡಿಯಿತು, ಅದೂ ಮನೆಯ ಹತ್ತಿರವೇ ಮಾಪನ ಯಂತ್ರ ಇದ್ದುದರಿಂದ.

ಆದ್ದರಿಂದ ಸೊಸೆಯ ಪ್ರಶ್ನೆಗೆ ನೇರ ಉತ್ತರ: ಆ ಸಂಖ್ಯೆಯಲ್ಲಿ ಅತ್ತೆಯ ಹೆಸರು ಇಲ್ಲ, ಯಾರ ಹೆಸರೂ ಇಲ್ಲ. ಆದರೆ ಸಿಒಪಿಡಿ, ಆಸ್ತಮಾ, ಹೃದಯದ ತೊಂದರೆ ಇರುವವರಲ್ಲಿ ಅಪಾಯ ಮೊದಲೇ ಹೆಚ್ಚು. ಗಾಳಿ ಸುಧಾರಿಸಿದಾಗ ಸಿಗುವ ಲಾಭದಲ್ಲೂ ಅವರ ಪಾಲೇ ದೊಡ್ಡದು.

ಅಪಾಯದ ರೇಖೆಯ ಆಕಾರದಲ್ಲಿ ಒಂದು ಕಹಿ ಸಂಗತಿ ಅಡಗಿದೆ. ಅದು ನೆಟ್ಟಗಿನ ಇಳಿಜಾರಲ್ಲ. ಕಡಿಮೆ ಮಾಲಿನ್ಯದ ಕಡೆ ಕಡಿದಾಗಿ ಏರಿ, ಹೆಚ್ಚು ಮಾಲಿನ್ಯದ ಕಡೆ ಹೋದಂತೆ ಸಪಾಟಾಗುತ್ತದೆ. ದೆಹಲಿಯ ವಾರ್ಷಿಕ ಸರಾಸರಿ ಘನ ಮೀಟರಿಗೆ ಸುಮಾರು 100 ಮೈಕ್ರೊಗ್ರಾಂ. ಬೆಂಗಳೂರಿನದು ಭಾರತದ ಮಿತಿಯಾದ 40ರ ಆಸುಪಾಸು ಅಥವಾ ಕೆಳಗೆ. 100ರಿಂದ 90ಕ್ಕೆ ಇಳಿದರೆ ಆಗುವ ಲಾಭಕ್ಕಿಂತ 40ರಿಂದ 30ಕ್ಕೆ ಇಳಿದರೆ ಆಗುವ ಲಾಭ ಹೆಚ್ಚು. ದೆಹಲಿಯಲ್ಲಿ ಮೊದಲ ಕೆಲವು ಮೆಟ್ಟಿಲು ಇಳಿದಾಗ ಆಸ್ಪತ್ರೆಯ ವಾರ್ಡು ಖಾಲಿಯಾಗದಿದ್ದರೆ ಪ್ರಯತ್ನ ವ್ಯರ್ಥವಾಯಿತು ಎಂದಲ್ಲ. ಲಾಭ ಇರುವುದು ಕೆಳಗಿನ ಮೆಟ್ಟಿಲುಗಳಲ್ಲಿ, ಅಲ್ಲಿಗೆ ಹೋಗಲು ಮೇಲಿನವನ್ನು ಇಳಿಯಲೇಬೇಕು. ಬೆಂಗಳೂರಿನವರಿಗೆ ಇದರಲ್ಲಿ ಇನ್ನೊಂದು ಮಾತಿದೆ. "ದೆಹಲಿಗೆ ಹೋಲಿಸಿದರೆ ನಮ್ಮದು ಚೆನ್ನಾಗಿದೆ" ಎಂದು ಸುಮ್ಮನಿರುವ ಊರಿನಲ್ಲೇ ಒಂದೊಂದು ಮೈಕ್ರೊಗ್ರಾಂ ಇಳಿಕೆಗೂ ಹೆಚ್ಚು ಪ್ರತಿಫಲ.

ರೇಖೆ ಯಾವುದು ಎಂಬುದರ ಮೇಲೆ ಉತ್ತರ ಎಷ್ಟು ಬದಲಾಗುತ್ತದೆ ಎಂಬುದಕ್ಕೆ ಒಂದು ನಿದರ್ಶನ: 2015ರಲ್ಲಿ ಹೊರಗಿನ ಗಾಳಿಯ ಕಣಗಳಿಂದ ಜಗತ್ತಿನಲ್ಲಿ ಸುಮಾರು 40 ಲಕ್ಷ ಸಾವು ಎಂದು ಒಂದು ಲೆಕ್ಕ ಹೇಳಿದರೆ, 2018ರಲ್ಲಿ ಬಂದ ಹೊಸ ರೇಖೆ ಅದೇ ವರ್ಷಕ್ಕೆ 89 ಲಕ್ಷ ಎಂದಿತು. ಗಾಳಿ ಅದೇ, ಜನ ಅವರೇ.

ಯಾವುದಕ್ಕೆ ಹೋಲಿಸಿ ಎಂಬುದೂ ಅಷ್ಟೇ ಮುಖ್ಯ. 2024ರ ಡಿಸೆಂಬರಿನಲ್ಲಿ ಲ್ಯಾನ್ಸೆಟ್ ಪ್ಲಾನೆಟರಿ ಹೆಲ್ತ್ ಪತ್ರಿಕೆಯಲ್ಲಿ ಬಂದ ಅಧ್ಯಯನ ಭಾರತದ ಎಲ್ಲ ಜಿಲ್ಲೆಗಳ 2009ರಿಂದ 2019ರವರೆಗಿನ ಸಾವುಗಳನ್ನು ನೋಡಿತು. ವಾರ್ಷಿಕ ಸರಾಸರಿ 10 ಮೈಕ್ರೊಗ್ರಾಂ ಹೆಚ್ಚಿದರೆ ಸಾವಿನ ಪ್ರಮಾಣ ಶೇ 8.6ರಷ್ಟು ಹೆಚ್ಚು. ನಮ್ಮ ದೇಶದ ಮಿತಿ 40ನ್ನು ದಾಟಿದ ಮಾಲಿನ್ಯದಿಂದ ಆ ಅವಧಿಯಲ್ಲಿ ಆದ ಸಾವು 38 ಲಕ್ಷ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಮಿತಿ 5ನ್ನು ಇಟ್ಟುಕೊಂಡರೆ 1 ಕೋಟಿ 66 ಲಕ್ಷ. ಎರಡೂ ಒಂದೇ ಅಧ್ಯಯನದ ಸಂಖ್ಯೆಗಳು. ಪತ್ರಿಕೆಯಲ್ಲಿ ಯಾವುದು ತಲೆಬರಹವಾಗುತ್ತದೆ ಎಂಬುದು ಬರೆಯುವವರ ಕೈಯಲ್ಲಿ.

ದೆಹಲಿಯ ಮೇಲೆ ಮಾಡಿದ ಒಂದು ಹಳೆಯ ಲೆಕ್ಕ

ನನ್ನ ಮಟ್ಟಿಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಕಣ್ಣು ತೆರೆಸುವ ಅಧ್ಯಯನ 2009ರದು. ಕೋಪನ್‌ಹೇಗನ್ ಹವಾಮಾನ ಸಮ್ಮೇಳನಕ್ಕೆ ಮುಂಚೆ ಲ್ಯಾನ್ಸೆಟ್‌ನಲ್ಲಿ ಪ್ರಕಟವಾದ ಅದು ಲಂಡನ್ ಮತ್ತು ದೆಹಲಿ ಎರಡು ನಗರಗಳನ್ನು ಹಿಡಿದುಕೊಂಡಿತು. ಜೇಮ್ಸ್ ವುಡ್‌ಕಾಕ್ ಮುಂದಾಳತ್ವದ ಆ ತಂಡದಲ್ಲಿ ದೆಹಲಿ ಐಐಟಿಯ ದಿನೇಶ್ ಮೋಹನ್, ಗೀತಂ ತಿವಾರಿ ಅವರೂ ಇದ್ದರು. ಪ್ರಶ್ನೆ ಇದು: ಈಗಿರುವ ದಾರಿಯಲ್ಲೇ ಹೋಗಿ ಮುಟ್ಟುವ 2030ಕ್ಕೆ ಹೋಲಿಸಿದರೆ, ಇಂಗಾಲ ಕಡಿಮೆ ಬಿಡುವ 2030ರಲ್ಲಿ ಜನರ ಆರೋಗ್ಯ ಎಷ್ಟು ಸುಧಾರಿಸೀತು? ಎರಡು ದಾರಿಗಳನ್ನು ಬೇರೆ ಬೇರೆಯಾಗಿ ನೋಡಿದರು. ಒಂದು, ವಾಹನಗಳು ಅಷ್ಟೇ ಇದ್ದು ಹೊಗೆ ಕಡಿಮೆ ಮಾಡುವುದು. ಇನ್ನೊಂದು, ವಾಹನಗಳ ಓಡಾಟವನ್ನೇ ತಗ್ಗಿಸಿ ನಡಿಗೆ, ಸೈಕಲ್ ಹೆಚ್ಚಿಸುವುದು.

ಅಳತೆಗೆ ಬಳಸಿದ್ದು ಡಾಲಿ ಎಂಬ ಮಾನ. ಒಂದು ಡಾಲಿ ಎಂದರೆ ಬೇಗ ಸತ್ತದ್ದರಿಂದಲೋ ಕಾಯಿಲೆಯಿಂದಲೋ ಕಳೆದುಹೋದ ಆರೋಗ್ಯವಂತ ಬದುಕಿನ ಒಂದು ವರ್ಷ. ದೆಹಲಿಯಲ್ಲಿ ಪ್ರತಿ ಹತ್ತು ಲಕ್ಷ ಜನರಿಗೆ, ಒಂದು ವರ್ಷದಲ್ಲಿ, ಹೊಗೆ ಕಡಿಮೆಯ ವಾಹನಗಳಿಂದ ಉಳಿಯುವುದು 1,696 ಡಾಲಿ. ನಡಿಗೆ ಮತ್ತು ಸೈಕಲ್ಲಿನ ದಾರಿಯಿಂದ 12,516. ಎರಡೂ ಸೇರಿದರೆ 12,995. ಲಂಡನ್ನಿನಲ್ಲಿ ಅದೇ ಕ್ರಮದಲ್ಲಿ 160, 7,332, 7,439.

ಹೊಗೆಗಿಂತ ನಡಿಗೆಗೆ ಏಳು ಪಟ್ಟು ಬೆಲೆ ಬಂದದ್ದೇಕೆ? ನಡೆಯುವ ದೇಹಕ್ಕೆ ಹೃದ್ರೋಗ, ಪಾರ್ಶ್ವವಾಯು, ಸಕ್ಕರೆ ಕಾಯಿಲೆ, ಖಿನ್ನತೆ ಕಡಿಮೆಯಾಗುವ ಲಾಭವನ್ನೂ ಈ ಮಾದರಿ ಎಣಿಸಿತು. ದೆಹಲಿಯಲ್ಲಿ ವಾಹನಗಳ ಓಡಾಟ ತಗ್ಗಿದರೆ ರಸ್ತೆ ಅಪಘಾತಗಳೂ ತಗ್ಗುತ್ತವೆ ಎಂದು ಕಂಡಿತು. ಪೆಟ್ರೋಲ್ ಕಾರಿನ ಬದಲು ಎಲೆಕ್ಟ್ರಿಕ್ ಕಾರು ಬಂದರೆ ಗುದ್ದಿದ ಪೆಟ್ಟೇನೂ ಹಗುರಾಗುವುದಿಲ್ಲ, ಕೂತವರ ಹೊಟ್ಟೆಯೂ ಕರಗುವುದಿಲ್ಲ, ಟೈರು ಮತ್ತು ಬ್ರೇಕಿನ ಧೂಳೂ ಪೂರ್ತಿ ನಿಲ್ಲುವುದಿಲ್ಲ.

ಇದಕ್ಕೆ ಒಂದು ತಕರಾರು ತಕ್ಷಣ ಬರುತ್ತದೆ, ಬರಲೇಬೇಕು. ದೆಹಲಿಯ ಗಾಳಿಯಲ್ಲಿ ನಡೆಯಿರಿ ಎಂದು ಯಾರಿಗೆ ಹೇಳುವುದು? 2016ರಲ್ಲಿ ಮಾರ್ಕೊ ಟೈನಿಯೊ ಮತ್ತು ಸಂಗಡಿಗರು ಇದನ್ನೇ ಲೆಕ್ಕ ಹಾಕಿದರು. ಗಾಳಿಯಲ್ಲಿ ಪಿಎಂ 2.5 ಸರಾಸರಿ 100 ಇರುವ ಊರಿನಲ್ಲಿ ದಿನಕ್ಕೆ ಒಂದೂವರೆ ಗಂಟೆಗಿಂತ ಹೆಚ್ಚು ಸೈಕಲ್ ಹೊಡೆದರೆ, ಅಥವಾ ಹತ್ತು ಗಂಟೆಗಿಂತ ಹೆಚ್ಚು ನಡೆದರೆ ಮಾತ್ರ ಹಾನಿ ಲಾಭವನ್ನು ಮೀರುತ್ತದೆ. ಲೋಧಿ ಉದ್ಯಾನದಲ್ಲಿ ಬೆಳಗ್ಗೆ ಅರ್ಧ ಗಂಟೆ ನಡೆಯುವವರಿಗೆ ಇದು ನೆಮ್ಮದಿಯ ಮಾತು. ಆದರೆ ಎಚ್ಚರಿಕೆ: ಇದು ಇಡೀ ಜನಸಮುದಾಯದ, ವರ್ಷಗಳ ಸರಾಸರಿಯ ಲೆಕ್ಕ. ಸಿಒಪಿಡಿ ಉಲ್ಬಣಿಸಿರುವ ವಾರದಲ್ಲಿ, ಸಂಖ್ಯೆ 300, 400 ಎಂದು ಏರಿರುವ ಬೆಳಗ್ಗೆ, ಈ ಲೆಕ್ಕವನ್ನು ನಿಮ್ಮ ಮನೆಯ ರೋಗಿಗೆ ಹಚ್ಚಬೇಡಿ. ದಿನವಿಡೀ ರಸ್ತೆಯಲ್ಲೇ ಇರುವ ರಿಕ್ಷಾ ತುಳಿಯುವವರಿಗೂ ಇದು ಅನ್ವಯಿಸುವುದಿಲ್ಲ. ಅವರ ದಿನ ಒಂದೂವರೆ ಗಂಟೆಗೆ ಮುಗಿಯುವುದಿಲ್ಲ.

ಲೆಕ್ಕ ನಿಜವಾದ ಒಂದು ಸಲ

ಮುಂದಿನದನ್ನು ಊಹಿಸುವ ಮಾದರಿಗಳನ್ನು ನಂಬುವ ಮುಂಚೆ ಹಿಂದೆ ಆದದ್ದನ್ನು ನೋಡುವುದು ಒಳ್ಳೆಯದು. ಎಂ.ಸಿ. ಮೆಹ್ತಾ ಅವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1998ರ ಜುಲೈ 28ರಂದು ದೆಹಲಿಯ ಎಲ್ಲ ಬಸ್ಸುಗಳೂ ಸಿಎನ್‌ಜಿಗೆ ಬದಲಾಗಬೇಕೆಂದು ಆದೇಶಿಸಿತು. 2001ರ ಮಾರ್ಚ್ ಗಡುವು ಮೀರಿತು, ಬಸ್ಸು ಸಿಗದೆ ಜನ ಬವಣೆಪಟ್ಟರು, ಕೊನೆಗೆ 2002ರ ಹೊತ್ತಿಗೆ ಬದಲಾವಣೆ ಮುಗಿಯಿತು. ಊರ್ವಶಿ ನರೈನ್ ಮತ್ತು ಅಲನ್ ಕ್ರುಪ್ನಿಕ್ ನಂತರ ಮಾಡಿದ ವಿಶ್ಲೇಷಣೆಯಲ್ಲಿ ಬಸ್ಸುಗಳ ಬದಲಾವಣೆಯಿಂದ ಕಣ, ಕಾರ್ಬನ್ ಮಾನಾಕ್ಸೈಡ್, ಸಲ್ಫರ್ ಡೈಆಕ್ಸೈಡ್ ತಗ್ಗಿದ್ದು ಕಂಡಿತು. ಆಟೋಗಳ ಬದಲಾವಣೆಯಿಂದ ಅಂಥ ಲಾಭ ಕಾಣಲಿಲ್ಲ. ತಂತ್ರಜ್ಞಾನ ಕಳಪೆಯಾಗಿದ್ದುದು ಕಾರಣ ಇರಬಹುದು ಎಂದರು. ಇಂಧನ ಒಂದೇ, ಎಂಜಿನ್ ಬೇರೆ, ಫಲ ಬೇರೆ.

ಸಿಎನ್‌ಜಿ ಕೂಡ ನೆಲದಡಿಯ ಇಂಧನವೇ, ಇಂಗಾಲಮುಕ್ತ ಅಲ್ಲ. ಆದರೂ ಇಡೀ ನಗರದ ಬಸ್ಸುಗಳನ್ನು ಬದಲಿಸಿದರೆ ಗಾಳಿಯಲ್ಲಿ ವ್ಯತ್ಯಾಸ ಅಳೆಯಲು ಸಿಗುತ್ತದೆ ಎಂಬುದು ಅಂದೇ ಗೊತ್ತಾಯಿತು. ಆಮೇಲೆ ವಾಹನಗಳ ಸಂಖ್ಯೆ ಏರುತ್ತಾ ಹೋಗಿ ಗಳಿಸಿದ್ದರಲ್ಲಿ ಬಹುಪಾಲು ಕರಗಿತು. ದೆಹಲಿಯ ಕಲ್ಲಿದ್ದಲು ಸ್ಥಾವರಗಳೂ ಒಂದೊಂದಾಗಿ ಮುಚ್ಚಿದವು. ಕೊನೆಯದು ಬದರ್‌ಪುರ, 2018ರ ಅಕ್ಟೋಬರಿನಲ್ಲಿ. ಬಿಎಸ್ 6 ಇಂಧನ ದೆಹಲಿಗೆ 2018ರ ಏಪ್ರಿಲ್‌ನಲ್ಲಿ, ಇಡೀ ದೇಶಕ್ಕೆ 2020ರ ಏಪ್ರಿಲ್‌ನಲ್ಲಿ ಬಂತು.

"ಕರೆಂಟೂ ಕಲ್ಲಿದ್ದಲಿನದೇ ಅಲ್ಲವೇ?"

ಎಲೆಕ್ಟ್ರಿಕ್ ಸ್ಕೂಟರಿನ ಮಾತು ಬಂದಾಗಲೆಲ್ಲ ಮನೆಯಲ್ಲಿ ಯಾರಾದರೂ ಹೀಗೆ ಕೇಳುತ್ತಾರೆ. ಸರಿಯಾದ ಪ್ರಶ್ನೆ. ನಾವೇ ಲೆಕ್ಕ ಹಾಕಿ ನೋಡಬಹುದು. ಲೀಟರಿಗೆ 45 ಕಿಲೋಮೀಟರ್ ಕೊಡುವ ಸ್ಕೂಟರು. ಒಂದು ಲೀಟರ್ ಪೆಟ್ರೋಲ್ ಸುಟ್ಟರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್. ಕಿಲೋಮೀಟರಿಗೆ ಸುಮಾರು 50 ಗ್ರಾಂ ಆಯಿತು. ಎಲೆಕ್ಟ್ರಿಕ್ ಸ್ಕೂಟರಿಗೆ 100 ಕಿಲೋಮೀಟರಿಗೆ, ಚಾರ್ಜಿಂಗ್ ನಷ್ಟವೂ ಸೇರಿ, ಮೂರೂವರೆ ಯೂನಿಟ್ ಎಂದಿಟ್ಟುಕೊಳ್ಳೋಣ. ಇಂದಿನ ಭಾರತದ ಗ್ರಿಡ್ಡಿನಲ್ಲಿ ಒಂದು ಯೂನಿಟ್ಟಿಗೆ ಸುಮಾರು 0.7 ಕಿಲೋ. ಕಿಲೋಮೀಟರಿಗೆ 25 ಗ್ರಾಂ. ಅಂದರೆ ಕಲ್ಲಿದ್ದಲಿನ ಕರೆಂಟಿನಲ್ಲೂ ಇಂಗಾಲ ಸುಮಾರು ಅರ್ಧ. ಗ್ರಿಡ್ಡಿಗೆ ಸೌರ, ಪವನ ವಿದ್ಯುತ್ ಸೇರಿದಂತೆ ಅದೇ ಹಳೆಯ ಸ್ಕೂಟರು ಇನ್ನಷ್ಟು ಸ್ವಚ್ಛವಾಗುತ್ತಾ ಹೋಗುತ್ತದೆ. ಪೆಟ್ರೋಲ್ ಸ್ಕೂಟರು ಹಳೆಯದಾದಷ್ಟೂ ಕೊಳಕಾಗುತ್ತದೆ.

ಆರೋಗ್ಯದ ಲೆಕ್ಕದಲ್ಲಿ ಮಾತ್ರ ಒಂದು ತಿರುವಿದೆ. ಸಿಗ್ನಲ್ಲಿನಲ್ಲಿ ಮೂಗಿನ ಮುಂದೆ ಬರುತ್ತಿದ್ದ ಹೊಗೆ ನಿಂತಿತು. ದೂರದ ಸ್ಥಾವರದ ಚಿಮಣಿಯಲ್ಲಿ ಸ್ವಲ್ಪ ಹೆಚ್ಚಿತು. ಲೋಧಿ ಕಾಲೋನಿಯವರಿಗೆ ಲಾಭ, ಆ ಚಿಮಣಿಯ ಪಕ್ಕದ ಹಳ್ಳಿಯವರಿಗೆ ನಷ್ಟ. ಒಳ್ಳೆಯ ಮಾದರಿ ಇಬ್ಬರನ್ನೂ ಎಣಿಸುತ್ತದೆ. ಸಾರಿಗೆಯನ್ನು ಮಾತ್ರ ನೋಡಿ ವಿದ್ಯುತ್ತನ್ನು ಬಿಟ್ಟ ಲೆಕ್ಕ ಕಂಡರೆ ಅರ್ಧ ಲೆಕ್ಕ ಎಂದೇ ತಿಳಿಯಿರಿ.

ಜೀವಕ್ಕೆ ರೂಪಾಯಿ ಹಚ್ಚುವುದು

ಕೊನೆಯ ಹೆಜ್ಜೆ ಹಣದ್ದು. ಒಂದು ಕಡೆ ಬಸ್ಸು, ಬ್ಯಾಟರಿ, ಚಾರ್ಜಿಂಗ್ ಕೇಂದ್ರ, ಸೌರ ಫಲಕ, ಕೆಲಸ ಕಳೆದುಕೊಳ್ಳುವ ಗಣಿ ಕಾರ್ಮಿಕರ ಖರ್ಚು. ಇನ್ನೊಂದು ಕಡೆ ಉಳಿದ ಇಂಧನ, ತಪ್ಪಿದ ಆಸ್ಪತ್ರೆ ಬಿಲ್ಲು, ತಪ್ಪಿದ ಸಾವು. ತಪ್ಪಿದ ಸಾವಿಗೆ ಬೆಲೆ ಕಟ್ಟಲು ಮುಖ್ಯವಾಗಿ ಎರಡು ವಿಧಾನಗಳಿವೆ. ಒಂದರಲ್ಲಿ ಆ ವ್ಯಕ್ತಿ ಬದುಕಿದ್ದರೆ ಎಷ್ಟು ದುಡಿಯುತ್ತಿದ್ದ ಎಂದು ಕೇಳುತ್ತಾರೆ. ಇನ್ನೊಂದರಲ್ಲಿ, ಸಾವಿನ ಅಪಾಯ ಸ್ವಲ್ಪ ತಗ್ಗಿಸಿಕೊಳ್ಳಲು ಜನ ಎಷ್ಟು ಹಣ ಕೊಡಲು ಒಪ್ಪುತ್ತಾರೆ ಎಂದು ಕೇಳುತ್ತಾರೆ. ಮೊದಲ ವಿಧಾನದಲ್ಲಿ ದುಡಿಮೆಯ ವಯಸ್ಸು ದಾಟಿದ ತಾಯಿಯ ಪಾಲು ಸಹಜವಾಗಿಯೇ ಸಣ್ಣದಾಗುತ್ತದೆ. ಮೊಮ್ಮಗನನ್ನು ಶಾಲೆಗೆ ಬಿಟ್ಟು ಬರುವುದು, ಮನೆಗೆ ಒಬ್ಬರು ಹಿರಿಯರಿದ್ದಾರೆ ಎಂಬ ಧೈರ್ಯ ಇವು ಬಹುಮಟ್ಟಿಗೆ ಆ ಕಾಲಂನ ಹೊರಗೇ ಉಳಿಯುತ್ತವೆ.

2020ರ ಡಿಸೆಂಬರಿನಲ್ಲಿ ಪ್ರಕಟವಾದ ರಾಜ್ಯವಾರು ರೋಗಭಾರ ಅಧ್ಯಯನ ಹೀಗೆ ಕಳೆದುಹೋದ ದುಡಿಮೆಯ ಲೆಕ್ಕವನ್ನೇ ಹಿಡಿದಿತ್ತು. ಅದರ ಪ್ರಕಾರ 2019ರಲ್ಲಿ ಭಾರತದಲ್ಲಿ ವಾಯುಮಾಲಿನ್ಯದಿಂದ 16.7 ಲಕ್ಷ ಸಾವು, ಅಂದರೆ ಒಟ್ಟು ಸಾವಿನ ಶೇ 17.8. ಆರ್ಥಿಕ ನಷ್ಟ 36.8 ಶತಕೋಟಿ ಡಾಲರ್, ದೇಶದ ಒಟ್ಟು ಉತ್ಪನ್ನದ ಶೇ 1.36. ತಲಾ ನಷ್ಟ ಎಲ್ಲಕ್ಕಿಂತ ಹೆಚ್ಚು ದೆಹಲಿಯಲ್ಲಿ. ಅದೇ ಅಧ್ಯಯನದಲ್ಲಿ ಒಂದು ಒಳ್ಳೆಯ ಸುದ್ದಿಯೂ ಇತ್ತು: 1990ಕ್ಕೆ ಹೋಲಿಸಿದರೆ ಅಡುಗೆಮನೆಯ ಹೊಗೆಯಿಂದಾಗುವ ಸಾವಿನ ಪ್ರಮಾಣ ಶೇ 64ರಷ್ಟು ಇಳಿದಿತ್ತು. ಸೌದೆಯಿಂದ ಗ್ಯಾಸಿಗೆ ಬಂದ ಮನೆಗಳ ಫಲ ಅದು. ಹೊರಗಿನ ಗಾಳಿಯ ಕಣಗಳಿಂದಾಗುವ ಸಾವಿನ ಪ್ರಮಾಣ ಮಾತ್ರ ದುಪ್ಪಟ್ಟಿಗಿಂತ ಹೆಚ್ಚಾಗಿತ್ತು.

ಖರ್ಚು ಮತ್ತು ಲಾಭವನ್ನು ಒಟ್ಟಿಗೆ ತೂಗಿದ ಅಧ್ಯಯನಗಳಲ್ಲಿ 2018ರದು ಹೆಸರುವಾಸಿ. ಅನಿಲ್ ಮಾರ್ಕಂಡ್ಯ ಮತ್ತು ಸಂಗಡಿಗರು ಪ್ಯಾರಿಸ್ ಒಪ್ಪಂದದ ಗುರಿ ಮುಟ್ಟುವ ಖರ್ಚಿಗೂ ಅದರಿಂದ ಗಾಳಿ ಶುದ್ಧವಾಗಿ ಸಿಗುವ ಆರೋಗ್ಯ ಲಾಭಕ್ಕೂ ಹೋಲಿಸಿದರು. ಜಗತ್ತಿಗೆ ಒಟ್ಟಾಗಿ ಲಾಭ ಖರ್ಚಿನ 1.4ರಿಂದ 2.45 ಪಟ್ಟು ಬಂತು. ಭಾರತ ಮತ್ತು ಚೀನಾಗಳಲ್ಲಿ ಇನ್ನೂ ಕಠಿಣವಾದ 1.5 ಡಿಗ್ರಿ ಗುರಿಗೆ ಹೋದರೂ ಹೆಚ್ಚುವರಿ ಖರ್ಚನ್ನು ಆರೋಗ್ಯ ಲಾಭವೇ ತುಂಬಿಕೊಡುತ್ತದೆ ಎಂದರು. ಹವಾಮಾನ ಬದಲಾವಣೆ ತಡೆದ ಲಾಭ ಇದರಲ್ಲಿ ಸೇರಿಲ್ಲ. ಬರೀ ಉಸಿರಾಟದ ಗಾಳಿಯದು. ಇಂಗಾಲ ತಗ್ಗಿಸಿದ ಫಲ ಇಡೀ ಭೂಮಿಗೆ ಹಂಚಿ ದಶಕಗಳ ಮೇಲೆ ಸಿಗುವುದು, ಕಣ ತಗ್ಗಿಸಿದ ಫಲ ಇಲ್ಲಿಯೇ, ಇದೇ ಚಳಿಗಾಲದಿಂದ ಸಿಗಲು ಶುರುವಾಗುವುದು.

ಏನನ್ನು ಎಣಿಸುತ್ತೇವೆ ಎಂಬುದರ ಮೇಲೆ ನಿರ್ಧಾರ ತಿರುಗುತ್ತದೆ ಎಂಬುದಕ್ಕೆ ಈಚಿನ ಉದಾಹರಣೆ ಗಂಧಕ ತೆಗೆಯುವ ಯಂತ್ರಗಳದು. ಕಲ್ಲಿದ್ದಲು ಸ್ಥಾವರಗಳ ಸಲ್ಫರ್ ಡೈಆಕ್ಸೈಡ್ ತಗ್ಗಿಸಬೇಕೆಂದು 2015ರ ಡಿಸೆಂಬರಿನಲ್ಲಿ ನಿಯಮ ಬಂತು. ಗಡುವು ಮತ್ತೆ ಮತ್ತೆ ಮುಂದೆ ಹೋಯಿತು. 2025ರ ಜುಲೈನಲ್ಲಿ ದೇಶದ ಮುಕ್ಕಾಲು ಪಾಲಿಗೂ ಹೆಚ್ಚು ಘಟಕಗಳಿಗೆ ಯಂತ್ರ ಅಳವಡಿಕೆಯಿಂದ ವಿನಾಯಿತಿ ಸಿಕ್ಕಿತು. ಎನ್‌ಸಿಆರ್‌ನಿಂದ ಅಥವಾ ಹತ್ತು ಲಕ್ಷಕ್ಕಿಂತ ಹೆಚ್ಚು ಜನರಿರುವ ನಗರಗಳಿಂದ 10 ಕಿಲೋಮೀಟರ್ ಒಳಗಿನವಕ್ಕೆ 2027ರ ಕೊನೆಯ ಗಡುವು ಉಳಿಯಿತು. ವಿನಾಯಿತಿಯ ಪರವಾದ ವಾದ: ಸುತ್ತಲಿನ ಗಾಳಿಯಲ್ಲಿ ಸಲ್ಫರ್ ಡೈಆಕ್ಸೈಡ್ ಮಿತಿಯೊಳಗೇ ಇದೆ, ಯಂತ್ರಗಳ ಖರ್ಚು ವಿದ್ಯುತ್ ಬಿಲ್ಲಿಗೆ ಬೀಳುತ್ತದೆ. ವಿರುದ್ಧದ ವಾದ: ಆ ಅನಿಲ ನೂರಾರು ಕಿಲೋಮೀಟರ್ ಹೋಗಿ ಪಿಎಂ 2.5 ಆಗುತ್ತದೆ, ಅದನ್ನು ಎಣಿಸಿದಿರಾ? ಹತ್ತು ಕಿಲೋಮೀಟರಿನ ಗೆರೆ ಗಾಳಿ ಎಳೆದದ್ದಲ್ಲ ಎಂಬುದು ನನ್ನ ಅಭಿಪ್ರಾಯ. ಬಿಲ್ಲಿನ ಮಾತೂ ಹುಸಿಯಲ್ಲ. ಬಡ ಮನೆಗೆ ತಿಂಗಳ ಕರೆಂಟು ಬಿಲ್ಲು ಇಂದೇ ಕಾಣುವ ಖರ್ಚು, ತಪ್ಪಿದ ಹೃದಯಾಘಾತ ಎಂದೂ ಕಾಣದ ಲಾಭ.

ಮನೆಯಲ್ಲಿ ರೋಗಿ ಇರುವಾಗ

ಇಂಥ ಸುದ್ದಿ ಓದುವಾಗ ಕೇಳಿಕೊಳ್ಳಬೇಕಾದದ್ದು: ಯಾವುದಕ್ಕೆ ಹೋಲಿಸಿ? ಯಾವ ವರ್ಷಕ್ಕೆ? ನಗರದ ಒಳಗಿನ ಹೊಗೆ ಮಾತ್ರವೋ, ಹೊರಗಿನದೂ ಸೇರಿದೆಯೋ? ಒಂದೇ ಸಂಖ್ಯೆ ಕೊಟ್ಟಿದ್ದಾರೋ, ಇಷ್ಟರಿಂದ ಇಷ್ಟರವರೆಗೆ ಎಂದಿದ್ದಾರೋ? ಒಂದೇ ಸಂಖ್ಯೆಯನ್ನು ಖಚಿತವಾಗಿ ಹೇಳುವವರಿಗಿಂತ ಅಂತರ ಹೇಳುವವರನ್ನು ಹೆಚ್ಚು ನಂಬಬಹುದು.

ಮಾದರಿಯ ಲಾಭ ಬರಲು ವರ್ಷಗಳು ಬೇಕು, ಇನ್ಹೇಲರ್ ಇಂದು ಬೇಕು. ಚಳಿಗಾಲಕ್ಕೆ ಮುಂಚೆ, ಸೆಪ್ಟೆಂಬರ್ ಹೊತ್ತಿಗೇ ವೈದ್ಯರನ್ನು ಕಂಡು ದಿನನಿತ್ಯದ ಔಷಧ ಸರಿಯಿದೆಯೇ, ಇನ್ಹೇಲರ್ ಎಳೆಯುವ ಕ್ರಮ ಸರಿಯಿದೆಯೇ ನೋಡಿಸಿ. ಫ್ಲೂ ಮತ್ತು ನ್ಯುಮೊಕಾಕಲ್ ಲಸಿಕೆ ಬೇಕೇ ಎಂದು ಕೇಳಿ. ಚೆನ್ನಾಗಿದ್ದೇನೆ ಎಂದು ನಿತ್ಯದ ಇನ್ಹೇಲರ್ ನಿಲ್ಲಿಸುವುದೇ ಉಲ್ಬಣಕ್ಕೆ ಸಾಮಾನ್ಯ ದಾರಿ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮೀರ್ ಆ್ಯಪಿನಲ್ಲಿ ಹತ್ತಿರದ ಕೇಂದ್ರದ ಸಂಖ್ಯೆ ಸಿಗುತ್ತದೆ. ಚಳಿಗಾಲದಲ್ಲಿ ನಸುಕಿಗಿಂತ ಬಿಸಿಲೇರಿದ ಮಧ್ಯಾಹ್ನದ ಗಾಳಿ ಸಾಮಾನ್ಯವಾಗಿ ವಾಸಿ; ವಾಕಿಂಗ್ ಸಮಯ ಬದಲಿಸಿಕೊಳ್ಳಿ, ತೀರಾ ಕೆಟ್ಟ ದಿನ ಮನೆಯೊಳಗೇ ನಡೆಯಿರಿ. ಹೊರಗೆ ಹೋಗಲೇಬೇಕಾದರೆ ಮುಖಕ್ಕೆ ಸರಿಯಾಗಿ ಕೂರುವ ಎನ್95. ಬಟ್ಟೆಯ ಮಾಸ್ಕು ಈ ಕಣಗಳಿಗೆ ಸಾಲದು. ಮಾಸ್ಕು ಹಾಕಿದಾಗ ಉಸಿರಾಟ ಕಷ್ಟವಾದರೆ ಒತ್ತಾಯ ಬೇಡ, ವೈದ್ಯರನ್ನು ಕೇಳಿ. ಏರ್ ಪ್ಯೂರಿಫೈಯರ್ ಕೊಳ್ಳುವುದಾದರೆ ರೋಗಿ ಮಲಗುವ ಕೋಣೆಗೆ ಒಂದು, ಹೆಪಾ ಫಿಲ್ಟರಿನದು; ಅದೇ ಕೋಣೆಯಲ್ಲಿ ಅಗರಬತ್ತಿ, ಸೊಳ್ಳೆ ಬತ್ತಿ ಹಚ್ಚಿದರೆ ಕೊಂಡದ್ದು ದಂಡ.

ಮಾತಾಡಲು ವಾಕ್ಯ ಪೂರ್ತಿಯಾಗದಷ್ಟು ಏದುಸಿರು, ತುಟಿ ಅಥವಾ ಉಗುರು ನೀಲಿಯಾಗುವುದು, ತುರ್ತು ಇನ್ಹೇಲರ್ ಹಾಕಿದರೂ ಕಡಿಮೆಯಾಗದ ಉಬ್ಬಸ, ಹೊಸದಾಗಿ ಗೊಂದಲ ಅಥವಾ ಅತಿಯಾದ ಮಂಪರು, ಎದೆನೋವು: ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯಬೇಡಿ, 112ಕ್ಕೆ ಕರೆ ಮಾಡಿ ಅಥವಾ ಹತ್ತಿರದ ತುರ್ತು ವಿಭಾಗಕ್ಕೆ ಹೋಗಿ. ಹೋಗುವಾಗ ಈಗ ತೆಗೆದುಕೊಳ್ಳುತ್ತಿರುವ ಔಷಧಗಳ ಚೀಟಿ, ಇನ್ಹೇಲರ್‌ಗಳು, ಹಿಂದಿನ ಡಿಸ್ಚಾರ್ಜ್ ಕಾಗದ ಜೊತೆಗಿರಲಿ.